ನೀಹಾರಿಕೆಯ ಫೋಟೋದಲ್ಲಿರೋ ಬಣ್ಣ ನಿಜವಾ, ಬಳಿದದ್ದಾ?

2025ರ ಜೂನ್ 23ರಂದು ಚಿಲಿ ದೇಶದ ಸೆರೋ ಪಚೋನ್ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ಹೊರಬಿಟ್ಟಿತು. ಅವುಗಳಲ್ಲಿ ಒಂದು ಟ್ರಿಫಿಡ್ ಮತ್ತು ಲಗೂನ್ ನೀಹಾರಿಕೆಗಳದ್ದು, ಅಂದರೆ ಬಾಹ್ಯಾಕಾಶದ ಅನಿಲ-ಧೂಳಿನ ಮೋಡಗಳದ್ದು. ಏಳು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ತೆಗೆದ 678 ಫೋಟೋಗಳನ್ನು ಸೇರಿಸಿ ಮಾಡಿದ್ದು. ಗುಲಾಬಿ ಬಣ್ಣದ ದೊಡ್ಡ ದೊಡ್ಡ ಮೋಡಗಳು, ಒಂದು ಕಡೆ ನೀಲಿ, ನಡುವೆ ಕಪ್ಪು ಧೂಳಿನ ಗೆರೆಗಳು. ಇಂಥ ಚಿತ್ರ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಇದು ನಿಜವಾದ ಬಣ್ಣಾನಾ, ಇಲ್ಲಾ ಕಂಪ್ಯೂಟರಿನಲ್ಲಿ ಬಳಿದದ್ದಾ?

ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಗರುಡ ನೀಹಾರಿಕೆಯಲ್ಲಿರುವ, ‘ಸೃಷ್ಟಿಯ ಕಂಬಗಳು’ ಅಂತ ಹೆಸರಾದ ಧೂಳು-ಅನಿಲದ ಕಂಬಗಳನ್ನೇ ತಗೊಳ್ಳಿ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಚಿತ್ರದಲ್ಲಿ ಕಂಬಗಳು ಕಂದು, ಹಿನ್ನೆಲೆ ಹಸಿರು ಬೆರೆತ ನೀಲಿ. 2022ರ ಅಕ್ಟೋಬರಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದದ್ದರಲ್ಲಿ ಅದೇ ಕಂಬಗಳು ಕಿತ್ತಳೆ, ಧೂಳಿನ ಒಳಗಿನ ನಕ್ಷತ್ರಗಳೂ ಕಾಣುತ್ತವೆ. ಹವ್ಯಾಸಿಗಳು ಊರಾಚೆ ಕತ್ತಲಲ್ಲಿ ಸಾಮಾನ್ಯ ಕಲರ್ ಕ್ಯಾಮೆರಾದಲ್ಲಿ ತೆಗೆದ ಫೋಟೋಗಳಲ್ಲಿ ಇಡೀ ನೀಹಾರಿಕೆ ಕೆಂಪು. ಒಂದೇ ಜಾಗ, ಮೂರು ಬಣ್ಣ. ಮೂರರಲ್ಲಿ ಎರಡು ಸುಳ್ಳಿರಬೇಕು ಅಂತ ಯಾರಿಗಾದರೂ ಅನಿಸುವುದು ಸಹಜ ಅಲ್ವಾ?

ಮೂರೂ ಸುಳ್ಳಲ್ಲ. ಆದರೆ ‘ವಿಜ್ಞಾನಿಗಳು ಹೇಳ್ತಾರೆ, ನಂಬಿ’ ಅಂದರೆ ಅದು ಉತ್ತರ ಆಗುವುದಿಲ್ಲ. ಬಣ್ಣ ಎಲ್ಲಿಂದ ಬಂತು, ಅದನ್ನು ಯಾರು ಆರಿಸಿದರು, ಎಲ್ಲಿ ಅಳತೆ ಮುಗಿದು ಎಲ್ಲಿ ಅಭಿರುಚಿ ಶುರುವಾಯಿತು, ಇದನ್ನೆಲ್ಲ ಬಿಡಿಸಿ ನೋಡಬೇಕು.

ಮೋಡ ಹೊಳೆಯುವುದು ಯಾಕೆ

ಎಮಿಷನ್ ನೆಬ್ಯುಲಾ ಅಂದರೆ ತಾನೇ ಬೆಳಕು ಹೊಮ್ಮಿಸುವ ಅನಿಲದ ಮೋಡ. ಅದರಲ್ಲಿ ಹೆಚ್ಚಿನ ಪಾಲು ಹೈಡ್ರೋಜನ್. ಮೋಡದ ಒಳಗೋ ಪಕ್ಕದಲ್ಲೋ ತುಂಬಾ ಬಿಸಿಯಾದ ಒಂದು ನಕ್ಷತ್ರ ಇರುತ್ತದೆ. ಅದು ಸೂಸುವ ನೇರಳಾತೀತ ಬೆಳಕಿನ ಕಣಕ್ಕೆ 13.6 ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ ಶಕ್ತಿ ಇದ್ದರೆ ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಬಿಸಾಡುತ್ತದೆ. ಹೀಗೆ ಒಂಟಿಯಾದ ಎಲೆಕ್ಟ್ರಾನ್ ಅಲೆದು ಅಲೆದು ಯಾವಾಗಲೋ ಇನ್ನೊಂದು ಪ್ರೋಟಾನಿನ ಹತ್ತಿರ ಬಂದು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಮೇಲೆ ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಇಳಿಯುತ್ತಾ ಬರುತ್ತದೆ, ಪ್ರತಿ ಇಳಿತಕ್ಕೂ ಒಂದೊಂದು ನಿರ್ದಿಷ್ಟ ಬಣ್ಣದ ಬೆಳಕು ಬಿಡುತ್ತದೆ.

ಮೂರನೇ ಹಂತದಿಂದ ಎರಡನೆಯದಕ್ಕೆ ಇಳಿದರೆ 656.3 ನ್ಯಾನೋಮೀಟರ್ ತರಂಗದೂರದ ಕೆಂಪು. ಇದಕ್ಕೆ ಎಚ್-ಆಲ್ಫಾ ಅಂತ ಹೆಸರು. ನಾಲ್ಕರಿಂದ ಎರಡಕ್ಕೆ ಇಳಿದರೆ 486.1 ನ್ಯಾನೋಮೀಟರಿನ ನೀಲಿ-ಹಸಿರು, ಅದು ಎಚ್-ಬೀಟಾ. ಕೆಂಪು ಜಾಸ್ತಿ, ಜೊತೆಗೆ ಸ್ವಲ್ಪ ನೀಲಿ. ಎರಡೂ ಬೆರೆತಾಗ ಗುಲಾಬಿ. ರೂಬಿನ್ ಚಿತ್ರದ ಗುಲಾಬಿ ಬಣ್ಣದ ಮೂಲ ಇದೇ. ಟ್ರಿಫಿಡ್‌ನ ಒಂದು ಭಾಗ ನೀಲಿಯಾಗಿ ಕಾಣುವುದಕ್ಕೆ ಕಾರಣ ಬೇರೆ. ಅಲ್ಲಿ ಅನಿಲ ತಾನೇ ಹೊಳೆಯುತ್ತಿಲ್ಲ, ಧೂಳು ಪಕ್ಕದ ನಕ್ಷತ್ರದ ಬೆಳಕನ್ನು ಚದುರಿಸುತ್ತಿದೆ.

ಇಲ್ಲೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಬೆರೆತಿದೆ. ನೀಹಾರಿಕೆಯ ಬೆಳಕು ಹಾಗಲ್ಲ, ಕೆಲವೇ ಕೆಲವು ತೆಳು ಗೆರೆಗಳಲ್ಲಿ ಬರುತ್ತದೆ, ನಡುವಿನ ಜಾಗ ಹೆಚ್ಚುಕಡಿಮೆ ಖಾಲಿ. ಎಲೆ, ಮಣ್ಣು, ಮನುಷ್ಯರ ಮುಖ ನೋಡಿ ಬೆಳೆದ ನಮ್ಮ ಕಣ್ಣಿಗೂ, ಅದೇ ಕಣ್ಣಿಗೆ ಹೊಂದುವಂತೆ ಮಾಡಿದ ಕ್ಯಾಮೆರಾಗಳಿಗೂ ಇಂಥ ಬೆಳಕಿನ ಅಭ್ಯಾಸ ಇಲ್ಲ. ಮುಂದಿನ ಗೊಂದಲಕ್ಕೆಲ್ಲ ಬೇರು ಇಲ್ಲಿದೆ.

ಆ ಹಸಿರು ಗೆರೆ

1864ರ ಆಗಸ್ಟಿನಲ್ಲಿ ಲಂಡನ್ನಿನ ಟಲ್ಸ್ ಹಿಲ್‌ನ ತನ್ನ ಮನೆಯ ದೂರದರ್ಶಕಕ್ಕೆ ಖಗೋಳ ವೀಕ್ಷಕ ವಿಲಿಯಂ ಹಗಿನ್ಸ್ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ ಒಂದು ರೋಹಿತದರ್ಶಕ ಜೋಡಿಸಿ, ಇವತ್ತು ‘ಬೆಕ್ಕಿನ ಕಣ್ಣು’ ಅಂತ ಕರೆಯುವ ನೀಹಾರಿಕೆಯತ್ತ ತಿರುಗಿಸಿದ. ಆ ಕಾಲಕ್ಕೆ ದೊಡ್ಡ ಜಗಳ ಇದ್ದದ್ದು ನೀಹಾರಿಕೆಗಳು ದೂರದ ನಕ್ಷತ್ರಗಳ ಗುಂಪೋ, ನಿಜವಾಗಿ ಅನಿಲವೋ ಎಂಬುದರ ಮೇಲೆ. ನಕ್ಷತ್ರಗಳಾಗಿದ್ದರೆ ಕಾಮನಬಿಲ್ಲಿನ ಹಾಗೆ ಪೂರ್ತಿ ಪಟ್ಟಿ ಕಾಣಬೇಕಿತ್ತು. ಕಂಡದ್ದು ಕತ್ತಲ ನಡುವೆ ಹೊಳೆಯುವ ಹಸಿರು ಗೆರೆ. ಜಗಳ ಅಲ್ಲಿಗೆ ಒಂದು ಹಂತಕ್ಕೆ ತೀರಿತು, ಇದು ಅನಿಲವೇ.

ಆದರೆ ಆ ಹಸಿರು ಗೆರೆ ಭೂಮಿಯ ಮೇಲಿನ ಯಾವ ಧಾತುವಿನ ಗೆರೆಗೂ ಹೊಂದಲಿಲ್ಲ. ಹೊಸ ಧಾತುವೇ ಇರಬೇಕು ಅಂದುಕೊಂಡು ‘ನೆಬ್ಯುಲಿಯಂ’ ಅಂತ ಹೆಸರಿಟ್ಟರು. ಸೂರ್ಯನ ಬೆಳಕಿನಲ್ಲಿ ಮೊದಲು ಕಂಡ ಹೀಲಿಯಂ ಆಮೇಲೆ ಭೂಮಿಯಲ್ಲೂ ಸಿಕ್ಕಿತ್ತು, ಹಾಗಾಗಿ ಈ ನಂಬಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಒಗಟು ಹಾಗೇ ಉಳಿಯಿತು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಅದನ್ನು ಬಿಡಿಸಿದರು. ಅದು ಹೊಸ ಧಾತುವಲ್ಲ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ. 500.7 ಮತ್ತು 495.9 ನ್ಯಾನೋಮೀಟರ್, ಎರಡು ಗೆರೆ.

ಹಾಗಾದರೆ ಪ್ರಯೋಗಾಲಯದಲ್ಲಿ ಯಾಕೆ ಕಾಣಲಿಲ್ಲ? ಆ ಆಮ್ಲಜನಕ ಶಕ್ತಿ ಪಡೆದು ಉದ್ರೇಕಗೊಂಡ ಮೇಲೆ ಬೆಳಕು ಬಿಡಲು ಸರಾಸರಿ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ತಗೊಳ್ಳುತ್ತದೆ. ಪರಮಾಣುಗಳ ಲೋಕದಲ್ಲಿ ಅದು ಯುಗ. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಅಷ್ಟು ಗದ್ದಲದಲ್ಲಿ ಅರ್ಧ ನಿಮಿಷ ಯಾರಿಗೂ ಡಿಕ್ಕಿ ಹೊಡೆಯದೆ ಇರಲು ಆಗುವುದಿಲ್ಲ. ಡಿಕ್ಕಿಯಾದರೆ ಶಕ್ತಿ ಅಲ್ಲೇ ಹೋಯಿತು, ಬೆಳಕು ಬರಲೇ ಇಲ್ಲ. ನೀಹಾರಿಕೆಯಲ್ಲಿ ಅದೇ ಜಾಗದಲ್ಲಿ ಕೆಲವು ನೂರರಿಂದ ಕೆಲವು ಸಾವಿರ ಕಣಗಳಷ್ಟೇ. ಅಲ್ಲಿ ಆಮ್ಲಜನಕಕ್ಕೆ ಕಾಯಲು ಪುರುಸೊತ್ತಿದೆ. ಆ ಕಾಲದ ಪ್ರಯೋಗಾಲಯದ ಅತ್ಯುತ್ತಮ ನಿರ್ವಾತಕ್ಕಿಂತಲೂ ಖಾಲಿಯಾದ ಜಾಗ ಅದು ಅನ್ನುವುದನ್ನು ಒಂದು ಹಸಿರು ಗೆರೆ ಹೇಳಿಬಿಟ್ಟಿತು.

2024ರ ಮೇ 11ರ ನಸುಕಿನಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳಿಗೆ ಸಿಕ್ಕ ಕೆಂಪು ಧ್ರುವಪ್ರಭೆಯ ಹಿಂದೆಯೂ ಇದೇ ಜಾತಿಯ ಭೌತಶಾಸ್ತ್ರ ಇದೆ. ಅದೂ ಆಮ್ಲಜನಕವೇ, ಅದೂ ತುಂಬಾ ಮೇಲೆ ಗಾಳಿ ತೆಳುವಾಗಿರುವ ಕಡೆಯೇ ಹೊಳೆಯುವುದು.

ಕಣ್ಣಿಗೆ ಯಾಕೆ ಕಾಣುವುದಿಲ್ಲ

ಚಳಿಗಾಲದ ಸಂಜೆ ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ನೋಡಿದರೆ ಮಸುಕಾದ ಒಂದು ಚುಕ್ಕೆ ಕಾಣುತ್ತದೆ. ಅದು ಓರಯನ್ ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರ. ಕತ್ತಲಿರುವ ಕಡೆ ದೂರದರ್ಶಕದಲ್ಲಿ ನೋಡಿದರೆ ಬೂದು, ಅದರಲ್ಲಿ ಒಂಚೂರು ಹಸಿರು ಛಾಯೆ. ಫೋಟೋದ ಕೆಂಪು, ಗುಲಾಬಿ ಯಾವುದೂ ಇಲ್ಲ. ದೂರದರ್ಶಕಕ್ಕೆ ಮೊದಲ ಸಲ ಕಣ್ಣಿಟ್ಟವರು ನಿರಾಶರಾಗುವುದು ಇಲ್ಲೇ, ‘ಫೋಟೋ ಎಲ್ಲ ಮೋಸ’ ಎಂಬ ಮಾತು ಹುಟ್ಟುವುದೂ ಇಲ್ಲೇ.

ಕಾರಣ ನಮ್ಮ ಕಣ್ಣಿನಲ್ಲಿದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಂಬಿಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಅವು 500 ನ್ಯಾನೋಮೀಟರ್ ಆಸುಪಾಸಿನಲ್ಲಿ ಚುರುಕು, 656ರ ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಬಣ್ಣ ತಿಳಿಯುವ ಶಂಕುಕೋಶಗಳಿಗೆ ಈ ಬೆಳಕು ಸಾಲುವುದಿಲ್ಲ. ಹಾಗಾಗಿ ಆಮ್ಲಜನಕದ ಹಸಿರು ಅಷ್ಟೋ ಇಷ್ಟೋ ತಲುಪುತ್ತದೆ, ಹೈಡ್ರೋಜನ್ನಿನ ಕೆಂಪು ಬಂದು ಬಿದ್ದರೂ ಮಿದುಳಿಗೆ ಸುದ್ದಿಯಾಗುವುದಿಲ್ಲ.

‘ಹತ್ತಿರ ಹೋಗಿ ನೋಡಿದರೆ ಬಣ್ಣ ಕಾಣಬಹುದಲ್ಲ’ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಅರ್ಧ ದೂರಕ್ಕೆ ಹೋದರೆ ಕಣ್ಣಿಗೆ ಬರುವ ಬೆಳಕು ನಾಲ್ಕು ಪಟ್ಟಾಗುತ್ತದೆ, ನಿಜ. ಆದರೆ ಮೋಡ ಆಕಾಶದಲ್ಲಿ ಆವರಿಸುವ ಜಾಗವೂ ನಾಲ್ಕು ಪಟ್ಟಾಗುತ್ತದೆ. ಬೆಳಕು ಹೆಚ್ಚಿದಷ್ಟೇ ಹರಡಿಕೊಂಡೂ ಬಿಡುವುದರಿಂದ ಒಂದೊಂದು ತುಣುಕಿನ ಹೊಳಪು ಮೊದಲಿನಷ್ಟೇ. ಓರಯನ್ ನೀಹಾರಿಕೆಯ ಬಾಗಿಲಿಗೇ ಹೋಗಿ ನಿಂತರೂ ಕಾಣುವುದು ಆಕಾಶದ ತುಂಬಾ ಹರಡಿದ ಬೂದು ಹೊಳಪು, ಅಲ್ಲಲ್ಲಿ ಸ್ವಲ್ಪ ಬಣ್ಣದ ಸುಳಿವು, ಅಷ್ಟೇ. ‘ಅಲ್ಲಿಗೆ ಹೋದರೆ ಕಾಣುವ ಬಣ್ಣ’ವೇ ನಿಜವಾದ ಬಣ್ಣ ಅಂತ ಹಟ ಹಿಡಿದರೆ, ಹೆಚ್ಚಿನ ನೀಹಾರಿಕೆಗಳಿಗೆ ಬಣ್ಣವೇ ಇಲ್ಲ ಅನ್ನಬೇಕಾಗುತ್ತದೆ. ಅದು ಮೋಡದ ಬಗ್ಗೆ ಏನನ್ನೂ ಹೇಳುವುದಿಲ್ಲ, ನಮ್ಮ ಕಣ್ಣಿನ ಮಿತಿ ಹೇಳುತ್ತದೆ.

ಅಂಗಡಿಯಲ್ಲಿ ಸಿಗುವ ಕ್ಯಾಮೆರಾನೂ ನ್ಯಾಯಾಧೀಶ ಅಲ್ಲ. ಮನುಷ್ಯರ ಮೈಬಣ್ಣ ಸರಿಯಾಗಿ ಬರಲಿ ಅಂತ ಅದರ ಸೆನ್ಸರಿನ ಮುಂದೆ ಅವಕೆಂಪು, ಅಂದರೆ ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತದೆ. ಆ ಫಿಲ್ಟರ್ ಎಚ್-ಆಲ್ಫಾದ ದೊಡ್ಡ ಪಾಲನ್ನೂ ತಿಂದುಹಾಕುತ್ತದೆ. ಅದಕ್ಕೇ ಹವ್ಯಾಸಿಗಳು ಕ್ಯಾಮೆರಾ ಬಿಚ್ಚಿಸಿ ಆ ಫಿಲ್ಟರ್ ಬದಲಾಯಿಸುತ್ತಾರೆ. ಕ್ಯಾನನ್ 2005ರಲ್ಲಿ, ನಿಕಾನ್ 2015ರಲ್ಲಿ ಆಕಾಶದ ಫೋಟೋಗೆಂದೇ ಬೇರೆ ಮಾದರಿಗಳನ್ನು ತಂದವು. ತನ್ನ ಡಿ810ಎ ಎಚ್-ಆಲ್ಫಾ ಬೆಳಕನ್ನು ನಾಲ್ಕು ಪಟ್ಟು ಹೆಚ್ಚು ಬಿಡುತ್ತದೆ ಅಂತ ನಿಕಾನ್ ಹೇಳಿಕೊಂಡಿತ್ತು. ಅಂದರೆ ‘ಏನೂ ಎಡಿಟ್ ಮಾಡದ ಫೋಟೋ’ದಲ್ಲೂ ಬಣ್ಣದ ತೀರ್ಮಾನ ಫ್ಯಾಕ್ಟರಿಯಲ್ಲೇ ಆಗಿರುತ್ತದೆ.

ಹಬಲ್ ಬಣ್ಣದ ಲೆಕ್ಕ

ಈಗ ಆ ಪ್ರಸಿದ್ಧ ಕಂಬಗಳಿಗೆ ಬರೋಣ. ಹಬಲ್ ಕ್ಯಾಮೆರಾ ತೆಗೆಯುವುದು ಕಪ್ಪು-ಬಿಳುಪು ಚಿತ್ರ. ಅದರ ಮುಂದೆ ಒಂದೊಂದೇ ಫಿಲ್ಟರ್ ಇಟ್ಟು ಒಂದೊಂದು ಗೆರೆಯ ಬೆಳಕನ್ನು ಮಾತ್ರ ಒಳಗೆ ಬಿಡುತ್ತಾರೆ. 1995ರ ಚಿತ್ರಕ್ಕೆ ಬಳಸಿದ್ದು ಮೂರು: ಗಂಧಕ, ಹೈಡ್ರೋಜನ್, ಆಮ್ಲಜನಕ. ಜೆಫ್ ಹೆಸ್ಟರ್, ಪಾಲ್ ಸ್ಕೋವೆನ್ ಅವರ ತಂಡ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟು ಮೂರನ್ನೂ ಸೇರಿಸಿತು.

ಹೈಡ್ರೋಜನ್ ನಿಜವಾಗಿ ಕೆಂಪಲ್ವಾ, ಅದಕ್ಕೆ ಹಸಿರು ಯಾಕೆ? ಗಂಧಕದ ಗೆರೆಗಳು 671.6 ಮತ್ತು 673.1ರಲ್ಲಿವೆ, ಹೈಡ್ರೋಜನ್ 656.3ರಲ್ಲಿ. ಎರಡೂ ಕಡುಗೆಂಪು. ‘ಇದ್ದ ಹಾಗೇ’ ತೋರಿಸಿದರೆ ಯಾವುದು ಗಂಧಕ ಯಾವುದು ಹೈಡ್ರೋಜನ್ ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಆದರೆ ಅವು ಬೇರೆ ಬೇರೆ ಜಾಗದ ಸುದ್ದಿ ಹೇಳುತ್ತವೆ. ಆಮ್ಲಜನಕದಿಂದ ಎರಡನೇ ಎಲೆಕ್ಟ್ರಾನ್ ಕೀಳಲು 35 ಎಲೆಕ್ಟ್ರಾನ್ ವೋಲ್ಟ್ ಬೇಕು, ಅಂಥ ಬೆಳಕು ಬಿಸಿ ನಕ್ಷತ್ರದ ಸುತ್ತಮುತ್ತ ಮಾತ್ರ ಸಿಗುತ್ತದೆ. ಗಂಧಕದಿಂದ ಒಂದು ಎಲೆಕ್ಟ್ರಾನ್ ಕೀಳಲು 10.4 ಸಾಕು, ಅದರ ಬೆಳಕು ಮೋಡದ ಅಂಚುಗಳಲ್ಲಿ ಜಾಸ್ತಿ. ಹೀಗಾಗಿ ಚಿತ್ರದ ನೀಲಿ ಅಂದರೆ ನಕ್ಷತ್ರದ ಬೆಳಕು ಜೋರಾಗಿ ಬಡಿಯುತ್ತಿರುವ ಜಾಗ, ಕೆಂಪು ಅಂದರೆ ಆ ಬಡಿತ ಕುಗ್ಗುತ್ತಿರುವ ಅಂಚು. ಆ ಬಣ್ಣ ನಕ್ಷೆಯ ಕೆಲಸ ಮಾಡುತ್ತಿದೆ.

ಇಂಥ ಬಣ್ಣವನ್ನು ನಾವು ದಿನಾ ಓದುತ್ತೇವೆ. ಮಳೆಗಾಲದಲ್ಲಿ ಕರಾವಳಿ ಜಿಲ್ಲೆಗಳನ್ನು ಕೆಂಪು ಮಾಡಿದ ಹವಾಮಾನ ನಕ್ಷೆ ಟಿವಿಯಲ್ಲಿ ಬಂದಾಗ ಉಡುಪಿಯ ನೆಲ ಕೆಂಪಾಯಿತು ಅಂತ ಯಾರೂ ತಿಳಿಯುವುದಿಲ್ಲ, ಸುಳ್ಳು ನಕ್ಷೆ ಅಂತ ಬೈಯುವುದೂ ಇಲ್ಲ, ಯಾಕೆಂದರೆ ಯಾವ ಬಣ್ಣಕ್ಕೆ ಏನರ್ಥ ಅಂತ ಪಕ್ಕದಲ್ಲೇ ಬರೆದಿರುತ್ತದೆ.

ವಾದ ಇರುವುದು ಇಲ್ಲಿಂದ ಮುಂದೆ. ನೀಹಾರಿಕೆಗಳಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ನಿನ ಬೆಳಕು ಗಂಧಕಕ್ಕಿಂತ ತುಂಬಾ ಜೋರು. ಮೂರನ್ನೂ ಅಳತೆ ಇದ್ದ ಹಾಗೇ ಸೇರಿಸಿದರೆ ಚಿತ್ರ ಪೂರ್ತಿ ಹಸಿರಾಗಿ ಬಿಡುತ್ತದೆ. ಹಾಗಾಗಿ ಚಿತ್ರ ಮಾಡುವವರು ಹಸಿರನ್ನು ತಗ್ಗಿಸಿ, ಕೆಂಪು-ನೀಲಿಯನ್ನು ಎತ್ತಿ, ಹೊನ್ನಿನ ಛಾಯೆ ತರುತ್ತಾರೆ. ಮಸುಕು ಭಾಗ ಕಾಣಲಿ ಅಂತ ಅಲ್ಲಿನ ಹೊಳಪನ್ನು ಹೆಚ್ಚು ಹಿಗ್ಗಿಸುತ್ತಾರೆ, ಪ್ರಕಾಶದ ಭಾಗವನ್ನು ಅದುಮುತ್ತಾರೆ. ಯಾವ ಕಡೆ ಮೇಲೆ ಇರಬೇಕು ಅಂತ ಆರಿಸುತ್ತಾರೆ. ಬಾಹ್ಯಾಕಾಶದಲ್ಲಿ ಮೇಲೆ-ಕೆಳಗೆ ಇಲ್ಲ, ಆದರೂ ಆ ಕಂಬಗಳು ನೆಲದಿಂದ ಎದ್ದು ನಿಂತ ಹಾಗೆ ಇವೆ. ಇವೆಲ್ಲ ಅಭಿರುಚಿಯ ತೀರ್ಮಾನಗಳು. ಇಲ್ಲ ಅಂತ ವಾದಿಸುವುದರಲ್ಲಿ ಅರ್ಥ ಇಲ್ಲ, ವಾದಿಸಿದರೆ ನಂಬಿಕೆ ಇನ್ನಷ್ಟು ಹೋಗುತ್ತದೆ.

ಕಣ್ಣಿಗೆ ಬಣ್ಣವೇ ಇಲ್ಲದ ಬೆಳಕು

ವೆಬ್ ದೂರದರ್ಶಕದ ವಿಷಯ ಇನ್ನೂ ಒಂದು ಹೆಜ್ಜೆ ಆಚೆ. ಅದು ನೋಡುವುದು 0.6ರಿಂದ 28 ಮೈಕ್ರಾನ್ ತನಕದ ಬೆಳಕು (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್). ಬಹುಪಾಲು ಅವಕೆಂಪು, ನಮ್ಮ ಕಣ್ಣಿಗೆ ಅದು ಕತ್ತಲೆ. ಅಲ್ಲಿ ‘ನಿಜವಾದ ಬಣ್ಣ’ ಅನ್ನುವ ಮಾತಿಗೇ ಜಾಗ ಇಲ್ಲ. ತೋರಿಸಬೇಕು ಅಂದರೆ ಯಾವುದೋ ಬಣ್ಣಕ್ಕೆ ಹೊಂದಿಸಲೇಬೇಕು. ಅದಕ್ಕೆ ಅವರು ಪಾಲಿಸುವ ಕ್ರಮ ಸರಳ: ಕಡಿಮೆ ತರಂಗದೂರದ ಬೆಳಕಿಗೆ ನೀಲಿ, ಹೆಚ್ಚಿನದಕ್ಕೆ ಕೆಂಪು, ನಡುವಿನವು ನಡುವೆ. ಕಾಮನಬಿಲ್ಲಿನ ಸಾಲು ಕೆಡದ ಹಾಗೆ ಇಡೀ ಪಟ್ಟಿಯನ್ನು ಕಣ್ಣಿಗೆ ಕಾಣುವ ಜಾಗಕ್ಕೆ ಸರಿಸಿದ್ದು ಅಂದುಕೊಳ್ಳಿ.

2022ರ ಜುಲೈನಲ್ಲಿ ಬಂದ ಕರೀನಾ ನೀಹಾರಿಕೆಯ ಅಂಚಿನ ಚಿತ್ರದ ಮೂಲ ಪುಟ ತೆರೆದರೆ ಫಿಲ್ಟರುಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಎಫ್187ಎನ್ ಅಂತ ಒಂದು ಇದೆ. ಎಫ್ ಅಂದರೆ ಫಿಲ್ಟರ್, 187 ಅಂದರೆ 1.87 ಮೈಕ್ರಾನ್, ಎನ್ ಅಂದರೆ ಕಿರಿದಾದ ಪಟ್ಟಿ. ಅಯಾನುಗೊಂಡ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ನಿನ ಅವಕೆಂಪು ಗೆರೆ ಸರಿಯಾಗಿ ಅಲ್ಲಿ ಕೂರುತ್ತದೆ. ಎಫ್470ಎನ್ 4.7 ಮೈಕ್ರಾನಿನಲ್ಲಿ ಹೈಡ್ರೋಜನ್ ಅಣುಗಳ ಬೆಳಕು ಹಿಡಿಯುತ್ತದೆ. ಎಫ್335ಎಂ ಇಂಗಾಲದ ಉಂಗುರಗಳಿರುವ ದೊಡ್ಡ ಅಣುಗಳದ್ದು. ಈ ಪಟ್ಟಿ ಕೈಯಲ್ಲಿದ್ದರೆ ಚಿತ್ರದ ಯಾವ ಮೂಲೆಯಲ್ಲಿ ಅನಿಲ ಬಿಸಿಯಾಗಿದೆ, ಎಲ್ಲಿ ತಣ್ಣಗಿದೆ, ಎಲ್ಲಿ ಧೂಳು ಅಂತ ಸಾಮಾನ್ಯ ಓದುಗರೂ ಊಹಿಸಬಹುದು. ಪಟ್ಟಿ ಕಿತ್ತುಹಾಕಿದರೆ ಉಳಿಯುವುದು ಗೋಡೆಗೆ ಅಂಟಿಸುವ ಚಂದದ ಚಿತ್ರ.

ಇನ್ನೊಂದು ತುದಿಯಲ್ಲಿ ನಮ್ಮದೇ ಕೆಲಸ ಇದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ನೇರಳಾತೀತ ಬೆಳಕಿನ ಒಂದು ದೂರದರ್ಶಕ ಇದೆ, ಅದನ್ನು ರೂಪಿಸುವಲ್ಲಿ ಮುಂದಾಳಾಗಿದ್ದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅದೇ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಜೊತೆಗಾರರು 2018ರಲ್ಲಿ ಎನ್‌ಜಿಸಿ 40 ಎಂಬ ನೀಹಾರಿಕೆಯ ಸುತ್ತ ಅತಿ ನೇರಳಾತೀತ ಬೆಳಕಿನಲ್ಲಿ ಒಂದು ಪ್ರಭಾವಲಯ ಕಂಡರು. ತಣ್ಣನೆಯ ಹೈಡ್ರೋಜನ್ ಅಣುಗಳು ಅದಕ್ಕೆ ಕಾರಣ ಅಂತ ವಿವರಿಸಿದರು. ಆ ಪ್ರಭಾವಲಯವನ್ನು ಚಿತ್ರದಲ್ಲಿ ತೋರಿಸಬೇಕಾದರೆ ಯಾವ ಬಣ್ಣ ಕೊಟ್ಟರೂ ಅದು ಆರಿಸಿದ ಬಣ್ಣವೇ. ಬಣ್ಣ ಆರಿಸಿದ್ದು ಎಂಬ ಕಾರಣಕ್ಕೆ ಪ್ರಭಾವಲಯ ಸುಳ್ಳಾಗುವುದಿಲ್ಲ.

ಯಾರ ವಾದ ಏನು

ಒಂದು ಗುಂಪು, ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಸಂಸ್ಥೆಗಳು ಕಣ್ಣಿಗೆ ಹತ್ತಿರವಾದ ಬಣ್ಣವನ್ನೇ ತೋರಿಸಬೇಕು ಅನ್ನುತ್ತದೆ. ವೆಬ್ ಒಂದಕ್ಕೇ ಸುಮಾರು 1,000 ಕೋಟಿ ಡಾಲರ್ ಆಗಿದೆ, ಅಷ್ಟು ಖರ್ಚು ಮಾಡಿ ಜನರ ಮೆಚ್ಚುಗೆಗೆ ಬಣ್ಣ ಏರಿಸುವುದು ಜಾಹೀರಾತು ಅಂತ ಇವರ ದೂರು. ಚಿತ್ರ ಮಾಡುವವರು ಹೇಳುವುದೇ ಬೇರೆ: ಇಲ್ಲದ್ದು ಒಂದನ್ನೂ ಸೇರಿಸಿಲ್ಲ, ಇರುವ ಮಾಹಿತಿಯನ್ನು ಕಣ್ಣಿಗೆ ತಲುಪಿಸುತ್ತಿದ್ದೇವೆ, ಕಡತಗಳೆಲ್ಲ ಮುಕ್ತವಾಗಿವೆ, ಬೇಕಾದವರು ತಾವೇ ಮಾಡಿ ನೋಡಬಹುದು. ಸಂಶೋಧಕರಿಗೆ ಈ ಜಗಳದಲ್ಲಿ ಅಷ್ಟು ಆಸಕ್ತಿ ಇಲ್ಲ. ಅವರು ಕೆಲಸ ಮಾಡುವುದು ಬಣ್ಣದ ಚಿತ್ರದ ಮೇಲಲ್ಲ, ಫಿಲ್ಟರ್‌ಗೊಂದರಂತೆ ಇರುವ ಕಪ್ಪು-ಬಿಳುಪು ಕಡತಗಳ ಮೇಲೆ. ಎಚ್-ಆಲ್ಫಾ ಮತ್ತು ಎಚ್-ಬೀಟಾ ಬೆಳಕಿನ ಅನುಪಾತ ಸುಮಾರು 10,000 ಡಿಗ್ರಿ ಅನಿಲದಲ್ಲಿ 2.86 ಇರಬೇಕು. ಅದಕ್ಕಿಂತ ಜಾಸ್ತಿ ಬಂದರೆ ನಡುವೆ ಧೂಳು ನೀಲಿಯನ್ನು ನುಂಗಿದೆ ಅಂತ ಲೆಕ್ಕ, ಎಷ್ಟು ನುಂಗಿದೆ ಅಂತಲೂ ಲೆಕ್ಕ. ಗಂಧಕದ ಎರಡು ಗೆರೆಗಳ ಅನುಪಾತದಿಂದ ಅನಿಲ ಎಷ್ಟು ದಟ್ಟ ಅಂತ ತಿಳಿಯುತ್ತದೆ. ಬಣ್ಣ ಅವರಿಗೆ ಒಂದು ಸಂಖ್ಯೆ.

ಹವ್ಯಾಸಿಗಳ ನಡುವೆ ಈಗ ಬಿಸಿಯಾಗಿರುವುದು ಇನ್ನೊಂದು ಚರ್ಚೆ. ಎಐ ಬಳಸಿ ಚಿತ್ರ ಚುರುಕು ಮಾಡುವ, ನಕ್ಷತ್ರಗಳನ್ನು ತೆಗೆದುಹಾಕುವ, ಕಾಳು ಕಾಳಾದ ಮಸುಕನ್ನು ಅಳಿಸುವ ತಂತ್ರಾಂಶಗಳು ಈಚಿನ ವರ್ಷಗಳಲ್ಲಿ ಮನೆಮನೆಗೆ ಬಂದಿವೆ. ಕ್ಯಾಮೆರಾ ಹಿಡಿದ ವಿವರವನ್ನು ಸ್ಪಷ್ಟ ಮಾಡುವುದು ಒಂದು, ಹಿಡಿಯದೇ ಇದ್ದ ವಿವರವನ್ನು ‘ಇಲ್ಲಿ ಹೀಗಿರಬಹುದು’ ಅಂತ ತುಂಬುವುದು ಇನ್ನೊಂದು. ಮೊದಲನೆಯದು ಅಳತೆ, ಎರಡನೆಯದು ಊಹೆ. ಬಣ್ಣದ ಗಲಾಟೆಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಬಣ್ಣ ಬದಲಿಸಿದರೆ ಲೆಕ್ಕ ಹಿಂದಕ್ಕೆ ಹೋಗಿ ಮೂಲ ಸಿಗುತ್ತದೆ. ಇಲ್ಲದ ಎಳೆಯೊಂದು ಮೋಡದಲ್ಲಿ ಸೇರಿದರೆ ಅದನ್ನು ಚಿತ್ರದಿಂದ ಹೆಕ್ಕಿ ತೆಗೆಯುವ ದಾರಿ ಇಲ್ಲ.

ನೆಪ್ಚೂನಿಗೆ ಏನಾಯಿತು

ವಿವರಣೆಯ ಸಾಲು ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ನೀಹಾರಿಕೆಯಲ್ಲದಿದ್ದರೂ ಒಂದು ಸ್ಪಷ್ಟ ಉದಾಹರಣೆ ಇದೆ. 1989ರಲ್ಲಿ ವಾಯೇಜರ್ 2 ನೆಪ್ಚೂನ್ ಪಕ್ಕ ಹಾದುಹೋಯಿತು. ಅಲ್ಲಿನ ಮೋಡ, ಗಾಳಿಯ ಪಟ್ಟಿಗಳು ಚೆನ್ನಾಗಿ ಕಾಣಲಿ ಅಂತ ಚಿತ್ರದ ಬಣ್ಣವನ್ನು ಗಾಢ ಮಾಡಿದರು. ಹಾಗೆ ಮಾಡಿದ್ದೇವೆ ಅಂತ ಚಿತ್ರದ ಕೆಳಗೆ ಬರೆದೂ ಇದ್ದರು. ಆಮೇಲೆ ಚಿತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಾ ಹೋಗುತ್ತಾ ಆ ಬರಹ ಉದುರಿ ಬಿತ್ತು. ಕಡುನೀಲಿ ನೆಪ್ಚೂನ್ ಮಾತ್ರ ಉಳಿಯಿತು. 2024ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಪ್ಯಾಟ್ರಿಕ್ ಇರ್ವಿನ್ ಮತ್ತು ತಂಡ ಹಬಲ್ ಹಾಗೂ ಚಿಲಿಯ ದೊಡ್ಡ ದೂರದರ್ಶಕದ ಮಾಹಿತಿ ಬಳಸಿ ಬಣ್ಣವನ್ನು ಮತ್ತೆ ಲೆಕ್ಕ ಹಾಕಿದಾಗ, ನೆಪ್ಚೂನ್ ಮತ್ತು ಯುರೇನಸ್ ಎರಡೂ ಹೆಚ್ಚುಕಡಿಮೆ ಒಂದೇ ತರಹದ ತಿಳಿ ಹಸಿರು-ನೀಲಿ ಅಂತ ಗೊತ್ತಾಯಿತು. ನೆಪ್ಚೂನ್ ಸ್ವಲ್ಪ ಜಾಸ್ತಿ ನೀಲಿ, ಅಷ್ಟೇ. ‘ಮೂವತ್ತೈದು ವರ್ಷ ಮೋಸ ಹೋದೆವು’ ಅಂತ ಕೆಲವರು ಬರೆದರು. ಮೋಸ ಮಾಡಿದವರು ಯಾರೂ ಇಲ್ಲ. ಒಂದು ಸಾಲನ್ನು ನಕಲು ಮಾಡಲು ಸೋಮಾರಿತನ ಮಾಡಿದವರು ಸಾವಿರಾರು ಜನ ಇದ್ದಾರೆ.

ನೀಹಾರಿಕೆಗಳ ವಿಷಯದಲ್ಲೂ ದಿನಾ ಇದೇ ಆಗುತ್ತಿದೆ. ಮೂಲ ಪುಟದಲ್ಲಿ ಬಣ್ಣದ ವಿವರ ಇರುತ್ತದೆ. ಸುದ್ದಿಯಾಗಿ ಕನ್ನಡಕ್ಕೆ ಬರುವಾಗ ದೂರ ಬರುತ್ತದೆ, ‘ಅದ್ಭುತ’ ಬರುತ್ತದೆ, ಬಣ್ಣದ ಸಾಲು ಬಿಟ್ಟುಹೋಗುತ್ತದೆ. ವಾಟ್ಸಾಪಿಗೆ ಬರುವಷ್ಟರಲ್ಲಿ ಯಾವ ದೂರದರ್ಶಕ ಅಂತಲೂ ಇರುವುದಿಲ್ಲ. ‘ಕೆಂಪು ಗಂಧಕ, ಹಸಿರು ಹೈಡ್ರೋಜನ್, ನೀಲಿ ಆಮ್ಲಜನಕ’ ಅಂತ ಹಾಕಲು ಚಿತ್ರದ ಕೆಳಗೆ ಒಂದು ಸಾಲಿನ ಜಾಗ ಸಾಕು. ಇದನ್ನು ಸಂಪಾದಕರು ಮನಸ್ಸು ಮಾಡಿದರೆ ನಾಳೆಯಿಂದಲೇ ಶುರು ಮಾಡಬಹುದು, ಖರ್ಚು ಏನೂ ಇಲ್ಲ.

ಎಐ ಬಂದ ಮೇಲೆ

ಇದು ಯಾಕೆ ಈಗ ಅವಸರದ ವಿಷಯ ಅಂದರೆ, ಈಗ ನೀಹಾರಿಕೆಯ ಚಿತ್ರ ಮಾಡಲು ದೂರದರ್ಶಕವೇ ಬೇಕಾಗಿಲ್ಲ. ಎರಡು ಸಾಲು ಬರೆದರೆ ಎಐ ಅರೆಕ್ಷಣದಲ್ಲಿ ಗುಲಾಬಿ ಮೋಡ, ಹೊನ್ನಿನ ಅಂಚು, ಮಿನುಗುವ ನಕ್ಷತ್ರಗಳನ್ನು ಕೊಡುತ್ತದೆ. ನೋಡಲು ನಿಜವಾದದ್ದಕ್ಕಿಂತ ಚೆಂದ ಇದ್ದರೂ ಆಶ್ಚರ್ಯವಿಲ್ಲ. 2022ರ ಜುಲೈ 31ರಂದು ಫ್ರಾನ್ಸ್‌ನ ಭೌತವಿಜ್ಞಾನಿ ಎತಿಯೆನ್ ಕ್ಲೈನ್ ಒಂದು ಚೋರಿಝೋ ಸಾಸೇಜಿನ ತುಂಡಿನ ಫೋಟೋ ಹಾಕಿ, ಇದು ವೆಬ್ ತೆಗೆದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ ಅಂದಿದ್ದರು. ಎಷ್ಟೋ ಜನ ನಂಬಿದರು, ಆಮೇಲೆ ಅವರು ಕ್ಷಮೆ ಕೇಳಿದರು. ಆಗ ಎಐ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. 2025ರಲ್ಲಿ 3ಐ/ಅಟ್ಲಾಸ್ ಧೂಮಕೇತು ಸುದ್ದಿಯಲ್ಲಿದ್ದಾಗ ನಿಜವಾದ ಮಸುಕು ಚುಕ್ಕೆಗಿಂತ ಕಟ್ಟಿದ ಚಿತ್ರಗಳೇ ಹೆಚ್ಚು ಕಣ್ಣಿಗೆ ಬೀಳುತ್ತಿದ್ದವು.

ಇದರ ಪರಿಣಾಮ ಎರಡು ಕಡೆಗೂ ಇದೆ. ಸುಳ್ಳು ಚಿತ್ರವನ್ನು ನಿಜ ಅಂತ ನಂಬುವುದು ಒಂದು. ಅದಕ್ಕಿಂತ ಕೆಟ್ಟದ್ದು, ನಿಜವಾದದ್ದನ್ನೂ ‘ಇದೂ ಎಐ ಇರಬೇಕು’ ಅಂತ ತಳ್ಳಿಹಾಕುವುದು. ಚಿತ್ರವನ್ನು ಬರೀ ಕಣ್ಣಿಂದ ನೋಡಿ ಎರಡನ್ನೂ ಬೇರ್ಪಡಿಸಲು ಸಾಧ್ಯವಾಗದ ದಿನ ಬಂದಾಗಿದೆ. ಬೇರ್ಪಡಿಸುವುದು ಚಿತ್ರದ ಜೊತೆಗಿರುವ ಕಾಗದಪತ್ರ: ಯಾವ ದೂರದರ್ಶಕ, ಯಾವ ದಿನ, ಯಾವ ಫಿಲ್ಟರ್, ಯಾವುದಕ್ಕೆ ಯಾವ ಬಣ್ಣ, ಮೂಲ ಕಡತ ಎಲ್ಲಿದೆ. ಕಟ್ಟಿದ ಚಿತ್ರಕ್ಕೂ ಒಂದು ಸುಳ್ಳು ಪಟ್ಟಿ ಅಂಟಿಸಬಹುದು, ನಿಜ. ಆದರೆ ಅದನ್ನು ಹಿಡಿದು ಮೂಲಕ್ಕೆ ಹೋದರೆ ಅಲ್ಲಿ ಕಡತ ಸಿಗುವುದಿಲ್ಲ, ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಕಡತಗಳು ನಿಜಕ್ಕೂ ತೆರೆದಿವೆ. ಹಬಲ್, ವೆಬ್ ಮಾಹಿತಿ ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಸಂಗ್ರಹದಲ್ಲಿದೆ, ಸಂಶೋಧಕರ ಮೀಸಲು ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಸ್ಟ್ರೋಸ್ಯಾಟ್ ಮಾಹಿತಿ ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಿಂದ ಸಿಗುತ್ತದೆ. ಮೂರು ಕಪ್ಪು-ಬಿಳುಪು ಚಿತ್ರ ತಗೊಂಡು ಬಣ್ಣ ಕೊಟ್ಟು ಸೇರಿಸುವುದು ಕಾಲೇಜು ಹುಡುಗರು ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ. ಅದನ್ನು ಒಮ್ಮೆ ಮಾಡಿದವರಿಗೆ ಎಲ್ಲಿ ತನಕ ಅಳತೆ, ಎಲ್ಲಿಂದ ಅಭಿರುಚಿ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಯಾಕೆಂದರೆ ಹಸಿರನ್ನು ತಗ್ಗಿಸುವ ಗುಂಡಿ ತಿರುಗಿಸಿದ್ದು ಅವರದೇ ಕೈ.

ರೂಬಿನ್ ವೀಕ್ಷಣಾಲಯದ ಯೋಜನೆ ದಕ್ಷಿಣದ ಆಕಾಶವನ್ನು ಹತ್ತು ವರ್ಷ ಬಿಡದೆ ಸೆರೆಹಿಡಿಯುವುದು, ಆರು ಫಿಲ್ಟರುಗಳಲ್ಲಿ, ರಾತ್ರಿಗೆ ಸುಮಾರು 20 ಟೆರಾಬೈಟ್ ಮಾಹಿತಿ. ಅದರಲ್ಲಿ ಚಿತ್ರವಾಗಿ ನಮ್ಮ ತನಕ ಬರುವುದು ಒಂದು ಹನಿ. ಆ ಹನಿ ಬಂದಾಗಲಾದರೂ ಅದರ ಜೊತೆ ಆ ಆರು ಫಿಲ್ಟರುಗಳ ಹೆಸರು, ಯಾವುದಕ್ಕೆ ಯಾವ ಬಣ್ಣ ಎಂಬ ಸಾಲು ಕನ್ನಡದಲ್ಲೂ ಬರಬೇಕು. ಬರದೇ ಇದ್ದರೆ ಓದುಗರು ಕೇಳಬೇಕು.